ಹಣ್ಣಿನ ಉಸಿರು

1987ರಲ್ಲಿ ನಾನು ನಂಜನಗೂಡಿನಲ್ಲಿ ಉಪಾಧ್ಯಾಯನಾಗಿದ್ದೆ. ತೀರ್ಥಹಳ್ಳಿಯ ಬಳಿಯ ನಮ್ಮೂರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು. ಏನು ತರಲೆಂದು ಕಾಗದ ಬರೆದು ಕೇಳಿದ್ದಕ್ಕೆ ಬಂದ ಉತ್ತರ ಒಂದೇ: ರಸಬಾಳೆ. ದಾರಿಯ ಧೂಳು ತಾಗದಿರಲೆಂದು ಎರಡು ಚಿಪ್ಪು ಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿದೆ. ಮೂರು ಬಸ್ಸು ಬದಲಿಸಿ ಮನೆ ಸೇರಿ ಬಿಚ್ಚಿದರೆ ಒಳಗೆಲ್ಲ ಬೆವರಿನಂತೆ ನೀರು, ಕಪ್ಪಿಟ್ಟ ಸಿಪ್ಪೆ, ಹುಳಿ ನಾತ. ಅಮ್ಮ ನೋಡಿ, "ಉಸಿರು ಕಟ್ಟಿಸಿಬಿಟ್ಟೆಯಲ್ಲೋ ಅದಕ್ಕೆ" ಎಂದರು. ಅವರಾಗಿದ್ದರೆ ಒಣ ಬಾಳೆಯೆಲೆಯಲ್ಲಿ ಸುತ್ತುತ್ತಿದ್ದರು. ಮತ್ತೊಮ್ಮೆ ಹಣ್ಣು ಒಯ್ಯುವ ಅವಕಾಶ ನನಗೆ ದೊರೆಯಲಿಲ್ಲ.

ಕಿತ್ತ ಹಣ್ಣೂ ಉಸಿರಾಡುತ್ತದೆಂದು ತರಗತಿಯಲ್ಲಿ ಹೇಳಿಕೊಟ್ಟವನು ನಾನೇ!

ಕಳೆದ ವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹಣ್ಣು ಕೆಡದಂತೆ ಕಾಯುವ ಹೊದಿಕೆಗಳ ಸಂಶೋಧನೆ ಅವಳ ವೃತ್ತಿ. ಮಾಗುವ ಬಾಳೆ ಎಥಿಲೀನ್ ಅನಿಲವನ್ನು ಹೊರಬಿಡುತ್ತದೆ. ಆ ಅನಿಲವೇ ಪಕ್ಕದ ಹಣ್ಣನ್ನೂ ಮಾಗಿಸುತ್ತದೆ. ಸಾಮಾನ್ಯ ಹೊದಿಕೆ ಸುಮ್ಮನೆ ಮುಚ್ಚಿಕೊಂಡಿರುತ್ತದೆ, 'ಸಕ್ರಿಯ' ಹೊದಿಕೆ ಒಳಗಿದ್ದು ಕೆಲಸ ಮಾಡುತ್ತದೆ: ಎಥಿಲೀನನ್ನು ಹೀರುತ್ತದೆ, ತೇವವನ್ನು ಹಿಡಿಯುತ್ತದೆ ಅಥವಾ ಬೂಷ್ಟನ್ನು ತಡೆಯುತ್ತದೆ. ಹಣ್ಣಿನ ಪೆಟ್ಟಿಗೆಯಲ್ಲಿಡುವ ಪುಟ್ಟ ಪೊಟ್ಟಣಗಳಲ್ಲಿ ಎಥಿಲೀನನ್ನು ನಾಶಮಾಡಲು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುತ್ತಾರಂತೆ. ಕೆಲಸ ಮಾಡುತ್ತ ಅದರ ನೇರಳೆ ಬಣ್ಣ ಕಂದಾಗುತ್ತದೆ. "ಪ್ರನಾಳದಲ್ಲಿ ನೀವೇ ತೋರಿಸಿದ್ದು, ಸಾರ್" ಎಂದಳು. ತೋರಿಸಿದ್ದೆ, ನಿಜ. ಬಾಳೆಹಣ್ಣಿನ ನೆನಪು ಮಾತ್ರ ಬಂದಿರಲಿಲ್ಲ.

ಅವಳು ತಂದಿದ್ದ ಹಾಳೆ ಕೈಟೋಸಾನಿನದು. ಬೂಷ್ಟನ್ನು ತಡೆಯುವ ಗುಣ ಅದಕ್ಕೆ ಸಹಜವಾಗಿಯೇ ಇದೆ. ಮಣ್ಣಿನಲ್ಲಿ ಕರಗಿಯೂ ಹೋಗುತ್ತದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆದದ್ದೆಂದು ಕೇಳಿ ನಮ್ಮ ಮನೆಯಾಕೆ ಮುಖ ಸಿಂಡರಿಸಿದಳು. ಅಣಬೆಯಿಂದಲೂ ತೆಗೆಯಬಹುದೆಂದ ಮೇಲೆ ಕಾಫಿ ಬಂತು. ನೀರಿನ ಪಸೆಗೆ ಬೇಗ ಮೆತ್ತಗಾಗುವುದು ಈ ಹಾಳೆಯ ದೌರ್ಬಲ್ಯ. 'ಜೈವಿಕ ವಿಘಟನೀಯ' ಎಂಬ ಮುದ್ರೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಜೋಳದ ಪಿಷ್ಟದಿಂದ ಬರುವ ಪಿ.ಎಲ್.ಎ. ಚೆನ್ನಾಗಿ ಕೊಳೆಯಲು 58 ಡಿಗ್ರಿಯಷ್ಟು ಬಿಸಿಯಿರುವ ದೊಡ್ಡ ಗೊಬ್ಬರದ ಘಟಕವೇ ಬೇಕು, ಹಿತ್ತಲಿನ ತಿಪ್ಪೆ ಸಾಲದು.

ಅವಳು ಹೋದಮೇಲೆ ಎರಡು ಬಾಳೆಹಣ್ಣುಗಳನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟೆ, ಒಂದು ಹಾಳೆಯೊಳಗೆ, ಒಂದು ಬರಿದೇ. ಇಂದಿಗೆ ಐದನೆಯ ದಿನ. ಬರಿಯ ಹಣ್ಣು ಕಪ್ಪಾಗಿದೆ. ಹಾಳೆಯೊಳಗಿನದು ಇನ್ನೂ ಹಳದಿ. ತೀರ್ಥಹಳ್ಳಿಯ ಬಸ್ಸು ಹತ್ತಿಸಬಹುದು.