ಮರ್ಫಿ ಟೌನಿನ ತಾರಸಿ, ಹದ್ದು ಮತ್ತು ಒಂದು ಪೆಟ್ಟಿಗೆ ಜೇನು

ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಇಳಿದು ಹಳೇ ಮದ್ರಾಸ್ ರಸ್ತೆಯ ಗದ್ದಲದಿಂದ ಒಳಗೆ ನಡೆದರೆ ನಮ್ಮ ಮರ್ಫಿ ಟೌನ್. ಹಿಂದೆ ಇದಕ್ಕೆ ನಾಕ್ಸ್‌ಪೇಟೆ ಅಂತ ಹೆಸರಿತ್ತು. ಬ್ರಿಟಿಷರ ಕಾಲದಲ್ಲಿ ಬಡಾವಣೆ ರೂಪಿಸಿದ ಎಂಜಿನಿಯರ್ ಮರ್ಫಿಯ ಹೆಸರು ಆಮೇಲೆ ಅಂಟಿಕೊಂಡಿತು. 1947ರಲ್ಲಿ ದಂಡುಪ್ರದೇಶ ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂದರೂ ಹೆಸರು ಹೋಗಲಿಲ್ಲ.

ನಾನು ಸಾಗರದ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಒತ್ತೊತ್ತಾಗಿ ನಿಂತ ಮನೆಗಳು, ತಮಿಳು ಕನ್ನಡ ಕಲಸಿದ ಮಾತು ನೋಡಿ, "ಇಲ್ಲಿ ಮರ ಎಲ್ಲಿ, ಹಕ್ಕಿ ಎಲ್ಲಿ" ಅಂತ ಮುಖ ಸಣ್ಣ ಮಾಡ್ಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅತ್ತೆ ತಾರಸಿಗೆ ಕರ್ಕೊಂಡು ಹೋಗಿ, "ಮೇಲೆ ನೋಡಮ್ಮ" ಅಂದರು. ಮಾಂಸದಂಗಡಿ ಹುಡುಗ ಚೂರುಪಾರು ಎಸೆಯುತ್ತಿದ್ದ. ಮೂವತ್ತೋ ನಲವತ್ತೋ ಹದ್ದುಗಳು ಸುತ್ತು ಹಾಕಿ, ಒಂದೊಂದಾಗಿ ಇಳಿದು, ನೆಲ ಮುಟ್ಟದೆ ಕಾಲಲ್ಲೇ ಹಿಡಿದು ಮೇಲೇರುತ್ತಿದ್ದವು. ಹಲಸೂರು ಕೆರೆಯ ಕಡೆಯಿಂದ ಬಿಳಿ ತಲೆ, ಇಟ್ಟಿಗೆ ಬಣ್ಣದ ಗರುಡವೂ ಆಗಾಗ ಬರುತ್ತೆ. ನಮ್ಮ ಬೀದಿಯ ಮಕ್ಕಳಿಗೆ ಮಾತ್ರ ಎರಡೂ ಗರುಡವೇ.

ಈಗ ಹೇಳಲು ಹೊರಟಿದ್ದು ನನ್ನದೇ ತಪ್ಪಿನ ಕಥೆ. ಕೆಲವು ವರ್ಷದ ಹಿಂದೆ, ಮಾರ್ಚ್ ತಿಂಗಳು. ಹದ್ದಿನ ಮರಿಗಳು ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿದು ನೋಡುವ ಕಾಲ ಅದು. ಒಂದು ಮರಿ ನಮ್ಮ ತಾರಸಿಗೆ ಬಿತ್ತು. ಗಾಯ ಇರಲಿಲ್ಲ. ಮಗ "ಅಮ್ಮಾ, ನಾವೇ ಸಾಕೋಣ" ಅಂದ. ನನಗೂ ಆಸೆ. ನೀರಿನ ಟ್ಯಾಂಕ್ ಕೆಳಗೆ ಗೋಣಿಚೀಲ ಹಾಸಿ ಜಾಗ ಮಾಡಿದೆವು. ಭಾನುವಾರ ಮಾತ್ರ ಮಾಂಸ ಬರುತ್ತಿದ್ದ ಮನೆಗೆ ದಿನಾ ಕೋಳಿ ಬಂತು. ಮರಿಗೆ ಗಂಟಲಲ್ಲಿ ಸಿಕ್ಕೀತು ಅಂತ ಮೂಳೆ, ಚರ್ಮ ಎಲ್ಲ ಬಿಡಿಸಿ ಮೆತ್ತಗಿನ ಮಾಂಸವನ್ನೇ ಕೊಟ್ಟೆ. ಎಷ್ಟು ಪ್ರೀತಿಯಿಂದ ಕೊಟ್ಟೆ ಅಂದರೆ, ಅದೇ ಅದಕ್ಕೆ ವಿಷವಾಯಿತು.

ಹದಿನೈದು ದಿನಕ್ಕೆ ಮರಿ ನಿಲ್ಲದಾಯಿತು. ಪಶುವೈದ್ಯರೊಬ್ಬರಲ್ಲಿಗೆ ಓಡಿದೆವು. ಕಾಡಿನ ಹಕ್ಕಿ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಮೂಳೆ ಸಮೇತ ನುಂಗುತ್ತೆ, ಅದರಿಂದಲೇ ಸುಣ್ಣದಂಶ ಸಿಗೋದು. ಬರೀ ಮಾಂಸ ತಿಂದ ಬೆಳೆಯುವ ಮರಿಯ ಮೂಳೆ ಮೆತ್ತಗಾಗಿ ಬಾಗುತ್ತೆ ಅಂತ ಅವರು ವಿವರಿಸಿದರು. ಆ ತಾರಸಿಯಲ್ಲೇ ಅದನ್ನು ಮುಟ್ಟದೆ ಬಿಟ್ಟಿದ್ದರೆ ತಾಯಿಯೇ ಬಂದು ತಿನ್ನಿಸುತ್ತಿತ್ತೇನೋ. ಹದ್ದನ್ನು ಮನೆಯಲ್ಲಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ಆಗಲೇ ಗೊತ್ತಾಗಿದ್ದು. ಮೂರನೇ ದಿನ ಮರಿ ಹೋಯಿತು. ಮಗ ನನ್ನ ಜೊತೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಎರಡನೆಯದು ಕಳೆದ ಜನವರಿಯಲ್ಲಿ. ಹೊಂಗೆ ಮರದಲ್ಲಿ ಗಾಳಿಪಟದ ನೈಲಾನ್ ದಾರಕ್ಕೆ ರೆಕ್ಕೆ ಸಿಕ್ಕಿ ನೇತಾಡುತ್ತಿತ್ತು. ಈ ದಾರವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ನಮ್ಮ ಮರದಲ್ಲಿ ಮಾತ್ರ ಇನ್ನೂ ಇದೆ. ಎದುರುಮನೆ ಹುಡುಗ ಏಣಿ ಹತ್ತಿ ಎರಡೂ ಕಡೆ ದಾರ ಕತ್ತರಿಸಿದ. ರೆಕ್ಕೆಗೆ ಸುತ್ತಿದ್ದನ್ನು ಎಳೆಯಬೇಡ ಅಂದೆ, ಅದು ವೈದ್ಯರ ಕೆಲಸ. ಮೇಲೆ ಟವೆಲ್ ಹಾಕಿದರೆ ಕತ್ತಲೆಗೆ ಹಕ್ಕಿ ಸುಮ್ಮನಾಗುತ್ತೆ. ತೂತು ಮಾಡಿದ ರಟ್ಟಿನ ಡಬ್ಬ ಸಿದ್ಧವಾಯಿತು. ಅತ್ತೆ ಲೋಟದಲ್ಲಿ ನೀರು ತಂದರು. "ಬೇಡಿ ಅತ್ತೆ, ಬಾಯಿಗೆ ಹುಯ್ದರೆ ಶ್ವಾಸಕೋಶಕ್ಕೆ ಹೋಗುತ್ತೆ." ಹಳೇ ಮರಿ ಅವರಿಗೂ ನೆನಪಾಯಿತು ಅಂತ ಕಾಣುತ್ತೆ, ಲೋಟ ಹಿಡಿದು ಹಾಗೇ ನಿಂತರು.

ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಹೊರಟೆವು. ಹಲಸೂರಿಂದ ಕೆಂಗೇರಿಗೆ ನೇರಳೆ ಮಾರ್ಗದಲ್ಲಿ ನೇರ ರೈಲಿದೆ, ಆದರೆ ಹದ್ದಿಗೆ ಟಿಕೆಟ್ ಯಾರು ಕೊಡ್ತಾರೆ? ಆಟೋದಲ್ಲೇ ಊರು ದಾಟಿದೆವು. ಮಗ ದಾರಿಯುದ್ದಕ್ಕೂ ಡಬ್ಬ ತೊಡೆ ಮೇಲಿಟ್ಟುಕೊಂಡಿದ್ದ. ಒಮ್ಮೆಯೂ ತೆರೆದು ನೋಡಲಿಲ್ಲ. ಅಲ್ಲಿ ಸಿಕ್ಕ ಜಾಗ, ಸಮಯ ಎಲ್ಲ ಬರೆದುಕೊಂಡು ಡಬ್ಬ ಒಳಗೆ ಒಯ್ದರು. ಅಷ್ಟೇ. ದೆಹಲಿಯ ಅಣ್ಣತಮ್ಮಂದಿರು ನೆಲಮಾಳಿಗೆಯಲ್ಲಿ ಗಾಯಗೊಂಡ ಹದ್ದುಗಳಿಗೆ ಆರೈಕೆ ಮಾಡುವುದನ್ನು ಶೌನಕ್ ಸೆನ್ ಅವರ 'ಆಲ್ ದಟ್ ಬ್ರೀದ್ಸ್' ಸಾಕ್ಷ್ಯಚಿತ್ರದಲ್ಲಿ ನೀವು ನೋಡಿರಬಹುದು. ಅವರದು ವರ್ಷಗಟ್ಟಲೆಯ ಪಳಗಿದ ಕೈ. ನಮ್ಮ ಕೆಲಸ ಡಬ್ಬ ಮುಟ್ಟಿಸುವುದರಲ್ಲಿ ಮುಗಿಯಿತು.

ಜೇನು ಬಂದಿದ್ದು ಅದೇ ಯುಗಾದಿ ಹೊತ್ತಿಗೆ, ಬೀದಿಯಲ್ಲಿ ಹೊಂಗೆ ಹೂ ಉದುರುವಾಗ. ಪಕ್ಕದ ಮನೆಯ ಮೀಟರ್ ಪೆಟ್ಟಿಗೆಯೊಳಗೆ ತುಡುವೆ ಸಂಸಾರ ಹೂಡಿತ್ತು. "ಅಕ್ಕಾ, ರಾತ್ರಿ ಹೊಗೆ ಹಾಕಿ ಸುಟ್ಟುಬಿಡ್ತೀವಿ" ಅಂದರು. ಒಂದು ದಿನ ತಡೀರಿ ಅಂತ ಕೈಮುಗಿದೆ. ಕೆರೆ ಕಡೆ ಅಪಾರ್ಟ್‌ಮೆಂಟುಗಳ ಸಜ್ಜಾಕ್ಕೆ ನೇತಾಡೋ ಹೆಜ್ಜೇನು ಆಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಅದು ಪೆಟ್ಟಿಗೆಗೆ ಬಗ್ಗುವ ಜಾತಿಯಲ್ಲ. ಆ ಹಲ್ಲೆಗಳನ್ನು ಜೇನುಗಿಡುಗ ಬಂದು ಕಿತ್ತು ಮರಿಹುಳು ತಿನ್ನುತ್ತೆ, ಅದೂ ಬೇಟೆಹಕ್ಕಿಯೇ. ತುಡುವೆ ಹಾಗಲ್ಲ, ನಮ್ಮ ತವರಿನ ಹಿತ್ತಲಲ್ಲಿ ಇದ್ದೇ ಇರುತ್ತಿತ್ತು. ಮರುದಿನ ಸಂಜೆ ಪರಿಚಯದ ಜೇನುಕೃಷಿಕರು ಬಂದು ಮೀಟರಿನ ಕರೆಂಟು ತೆಗೆಸಿ, ಹಲ್ಲೆ ಬಿಡಿಸಿ, ಬಾಳೆನಾರಲ್ಲಿ ಚೌಕಟ್ಟಿಗೆ ಕಟ್ಟಿ, ರಾಣಿಯನ್ನು ಮೊದಲು ಪೆಟ್ಟಿಗೆಗೆ ಬಿಟ್ಟರು. ಕತ್ತಲಾಗುವಷ್ಟರಲ್ಲಿ ಉಳಿದವೂ ಹಿಂದೆ ನಡೆದವು. ಪೆಟ್ಟಿಗೆಯನ್ನು ನಮ್ಮ ತಾರಸಿಗೆ ತಂದಿಟ್ಟೆವು. ಇರುವೆ ಹತ್ತದಂತೆ ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಅದು ಅತ್ತೆಯ ಪಾಲಿನ ಕೆಲಸ.

ಒಂದು ಹನಿ ತುಪ್ಪ ತೆಗೆಯಲಿಲ್ಲ. ಮಳೆ ಹಿಡಿದ ಮೇಲೆ ಹೂವಿಲ್ಲ, ಸಕ್ಕರೆ ಪಾಕ ಇಡಬೇಕಿತ್ತು. ಇಟ್ಟೆ, ಆದರೆ ತಡವಾಗಿ. ಆಗಸ್ಟಿನ ಒಂದು ಬೆಳಿಗ್ಗೆ ಪೆಟ್ಟಿಗೆ ಹಗುರವಾಗಿತ್ತು. ಹಲ್ಲೆ ತುಂಬ ಮೇಣದ ಹುಳುವಿನ ಬಲೆ, ಒಳಗೆ ಒಂದು ನೊಣವೂ ಇರಲಿಲ್ಲ.

ಕೆಂಗೇರಿಗೆ ಅದಕ್ಕೂ ಮೊದಲೇ ಫೋನ್ ಮಾಡಿದ್ದೆ. ರೆಕ್ಕೆ ಕೂಡಿದೆ, ದೊಡ್ಡ ಪಂಜರದಲ್ಲಿ ಹಾರಾಟದ ಅಭ್ಯಾಸ ನಡೀತಿದೆ ಅಂದರು. ಬಿಡುವ ದಿನ ಹೇಳ್ತೀರಾ ಅಂತ ಮಗ ಹಿಂದಿನಿಂದ ಕೂಗಿದ. ಈಗ ಭಾನುವಾರ ಮಾಂಸದಂಗಡಿ ಮೇಲೆ ಸುತ್ತುವ ಹದ್ದುಗಳಲ್ಲಿ ಎಡ ರೆಕ್ಕೆಯ ಒಂದು ಗರಿ ಕಮ್ಮಿ ಇರೋದನ್ನು ಅವನು ಹುಡುಕುತ್ತಾನೆ. ಪಕ್ಕದಲ್ಲಿ ಅತ್ತೆ, ಖಾಲಿ ಪೆಟ್ಟಿಗೆಯ ನಾಲ್ಕು ಬಟ್ಟಲಿಗೂ ನೀರು ಹಾಕುತ್ತಿರುತ್ತಾರೆ.