ಸವೆದ ಮೆರುಗು

ಹಬ್ಬದ ಹಿಂದಿನ ದಿನ ಮನೆಯ ಹಿತ್ತಾಳೆಯ ದೀಪ, ತಂಬಿಗೆ, ಹರಿವಾಣಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ. ಹೊಳೆಯದ ಹಿತ್ತಾಳೆಯು ಮನೆಯವರ ಆಲಸ್ಯಕ್ಕೆ ಸಾಕ್ಷಿಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪಾತ್ರೆಗಳ ಮಟ್ಟಿಗೆ ಇದು ಒಪ್ಪತಕ್ಕ ಮಾತೇ ಸರಿ. ಆದರೆ ಹಿತ್ತಾಳೆಯ ವಾದ್ಯಕ್ಕೂ ಇದೇ ನಿಯಮ ಸಲ್ಲುವುದೇ ಎಂದು ಆಲೋಚಿಸುವ ಪ್ರಸಂಗ ಈಚೆಗೆ ನಮ್ಮ ಮನೆಯಲ್ಲಿ ಒದಗಿತು.

ಬನಶಂಕರಿ ಎರಡನೆಯ ಹಂತದ ನಮ್ಮ ಮನೆಯಲ್ಲಿ ದಿವಂಗತ ತಂದೆಯವರ ಸ್ಯಾಕ್ಸೋಫೋನ್ ಒಂದಿದೆ. ಮದುವೆಯ ಬ್ಯಾಂಡಿನಲ್ಲಿ ಅದನ್ನು ನುಡಿಸಿಯೇ ಅವರು ನಮ್ಮನ್ನು ಸಾಕಿ ಓದಿಸಿದರು. ಬೆರಳುಗಳು ಓಡಾಡಿದ ಕೀಗಳ ಬಳಿ, ಮೈಗೆ ಒರಗುತ್ತಿದ್ದ ಬದಿಯಲ್ಲಿ ಅದರ ಮೆರುಗು ಸವೆದು ಲೋಹವು ಕಂದು ಬಣ್ಣಕ್ಕೆ ತಿರುಗಿದೆ. ಅದನ್ನು ಪೂರ್ತಿಯಾಗಿ ಉಜ್ಜಿಸಿ, ಹೊಸ ಮೆರುಗು ಕೊಡಿಸಿ, ನಡುಮನೆಯ ಗಾಜಿನ ಕಪಾಟಿನಲ್ಲಿ ಇಡಬೇಕೆಂಬುದು ತಮ್ಮನ ಅಪೇಕ್ಷೆ. "ಅಣ್ಣಾ, ಅಪ್ಪನ ನೆನಪು ಹೀಗೆ ಮಾಸಿಕೊಂಡು ಇರಬೇಕೇ?" ಎಂದು ಅವನು ಕೇಳಿದನು. ಇತ್ತ ಮಗಳ ಮಗನು, "ತಾತ, ಅದನ್ನು ನಾನು ನುಡಿಸುತ್ತೇನೆ, ಕಪಾಟಿಗೆ ಕೊಡಬೇಡಿ" ಎಂದು ಹಟ ಹಿಡಿದನು. ಇಬ್ಬರ ಮಾತಿನಲ್ಲೂ ಪ್ರೀತಿಯಿತ್ತು.

ಈ ವಾದ್ಯ ನಮ್ಮ ನಾಡಿಗೆ ಪರಕೀಯವಾಗಿ ಉಳಿದಿಲ್ಲ. ಬೆಲ್ಜಿಯಂ ದೇಶದಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬಾತನು 1846ರಲ್ಲಿ ಫ್ರಾನ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದರ ನಾದ ಕೇಳಿ ಮಾರುಹೋದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು, ದೀರ್ಘ ಸಾಧನೆಯಿಂದ ಕರ್ನಾಟಕ ಸಂಗೀತದ ಗಮಕಗಳನ್ನು ಇದರಲ್ಲಿ ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀಗೆ ಪಾತ್ರರಾದರು. 2019ರಲ್ಲಿ ಅವರು ಕಾಲವಾದರೂ, ಮದುವೆಯ ಚಪ್ಪರದಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಬಂದರೆ ಇಂದು ಯಾರೂ ಅಚ್ಚರಿಪಡುವುದಿಲ್ಲ.

ತಮ್ಮನನ್ನೂ ಮೊಮ್ಮಗನನ್ನೂ ಕರೆದುಕೊಂಡು, ವಾದ್ಯಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆನು. ಅವರು ತಾಳ್ಮೆಯಿಂದ ವಿವರಿಸಿದರು. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿ, ತೇವ, ಬೆವರಿನ ಉಪ್ಪು ತಾಗದಂತೆ ಅದರ ಮೇಲೆ ಪಾರದರ್ಶಕವಾದ ಮೆರುಗೆಣ್ಣೆಯ ತೆಳುವಾದ ಪೊರೆ ಬಳಿದಿರುತ್ತಾರೆ. ವರ್ಷಗಟ್ಟಲೆ ಕೈ ತಾಗಿದ ಕಡೆ ಅದು ಸವೆಯುವುದು ಸಹಜ. ಹೊಸ ಮೆರುಗು ಬಳಿಯಬೇಕಾದರೆ ಹಳೆಯದನ್ನು ತೆಗೆದು, ಲೋಹವನ್ನು ಯಂತ್ರದಿಂದ ಉಜ್ಜಬೇಕಾಗುತ್ತದೆ. ದೀಪದ ಕಂಬ ಎರಕದ ದಪ್ಪ ಲೋಹ, ಉಜ್ಜಿದರೆ ತಡೆದೀತು. ಸ್ಯಾಕ್ಸೋಫೋನಿನ ತಗಡಾದರೋ ಒಂದು ಮಿಲಿಮೀಟರಿಗಿಂತಲೂ ತೆಳು. ಅತಿಯಾಗಿ ಉಜ್ಜಿದಲ್ಲಿ ತಗಡು ಇನ್ನೂ ತೆಳುವಾಗುತ್ತದೆ, ಕೆತ್ತನೆ ಅಳಿಸುತ್ತದೆ, ರಂಧ್ರಗಳ ಅಂಚು ಸವೆದು ಚರ್ಮದ ಪ್ಯಾಡುಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಗಾಳಿ ಸೋರಿದರೆ ಸ್ವರ ಕೆಡುತ್ತದೆ. ಹುಣಸೆಹಣ್ಣು, ನಿಂಬೆರಸಗಳ ಹುಳಿ ಕೀಗಳ ಸಂದಿಗಳಲ್ಲಿ ಉಳಿದರೆ ಲೋಹವನ್ನು ತಿನ್ನುತ್ತದೆ. ನೀರು ತಾಗಿದರೆ ಪ್ಯಾಡುಗಳು ಹಾಳಾಗುತ್ತವೆ.

"ಕಂದು ಬಣ್ಣಕ್ಕೆ ಹೆದರಬೇಡಿ, ಕಿಲುಬಿಗೆ ಹೆದರಿ" ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಸವೆದೆಡೆಯ ಕಂದು ಛಾಯೆ ಲೋಹದ ಮೇಲ್ಮೈಯಲ್ಲಿ ತಾನಾಗಿ ಕಟ್ಟಿಕೊಂಡ ಪದರ. ಅದರಿಂದ ನಾದಕ್ಕೆ ಕೇಡಿಲ್ಲ. ಹಸಿರು ಪುಡಿಯಂತೆ ಕಾಣುವ ಕಿಲುಬಾದರೆ ತೇವ ನಿಂತಿದೆಯೆಂಬುದರ ಗುರುತು. ಅದನ್ನು ತಡಮಾಡದೆ ತೆಗೆಸಬೇಕು. ಕೆಂಪನೆಯ ಚುಕ್ಕೆಗಳು ಮೂಡಿದಲ್ಲಿ ಸತುವು ಕಳೆದುಹೋಗುತ್ತಿರುವ ಸಂಭವವುಂಟು, ತಿಳಿದವರಿಗೆ ತೋರಿಸತಕ್ಕದ್ದು.

ಆರೈಕೆಯ ಕ್ರಮವೂ ಸರಳವಾದುದೇ. ಕೈ ತೊಳೆದು ಒರಸಿಕೊಂಡು ವಾದ್ಯ ಮುಟ್ಟಬೇಕು. ನುಡಿಸಿದ ಮೇಲೆ ಒಳಗಿನ ತೇವವನ್ನು ಬಟ್ಟೆಯಿಂದ ಹೀರಿಸಿ, ಹೊರಮೈಯನ್ನು ಮೆತ್ತನೆಯ ಹತ್ತಿಯ ಬಟ್ಟೆಯಿಂದ ಒರಸಬೇಕು. ಒಗೆದೊಗೆದು ಮೃದುವಾದ ಹಳೆಯ ಪಂಚೆಯ ತುಂಡಿಗಿಂತ ಉತ್ತಮವಾದುದು ಬೇಕಿಲ್ಲ. ರೀಡನ್ನು ಬಿಚ್ಚಿ ಒಣಗಿಸಬೇಕು. ಬಾಯಿಗಿಡುವ ಭಾಗವನ್ನು ಬಿಸಿ ನೀರಿನಲ್ಲಲ್ಲ, ತಣ್ಣೀರಿನಲ್ಲಿ ತೊಳೆಯಬೇಕು. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಆಗಾಗ ತೆರೆದು ಗಾಳಿಯಾಡಿಸಬೇಕು. ಇವುಗಳಲ್ಲಿ ಯಾವುದೂ ವಾದ್ಯವನ್ನು ಹೊಸದಾಗಿ ಕಾಣಿಸುವುದಿಲ್ಲ, ಬಹುಕಾಲ ಬಾಳಿಸುತ್ತವೆ.

ಹಿಂದಿರುಗುವಾಗ ತಮ್ಮನು ಮೌನವಾಗಿದ್ದನು. ಅವನ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರ ಮೂಡಿತ್ತು: "ತಮ್ಮಾ, ಅಪ್ಪನ ಬೆವರಿನಿಂದ ಸವೆದ ಜಾಗವದು. ಅದನ್ನು ಉಜ್ಜಿ ತೆಗೆದರೆ ಕಪಾಟಿನಲ್ಲಿ ಹೊಳೆಯುವ ವಸ್ತು ಉಳಿದೀತು. ಅವರ ಕೈಯ ಗುರುತು ಉಳಿಯಲಾರದು." ಅವನು ಒಪ್ಪಿದನು. ಹಣವನ್ನು ಮೆರುಗಿಗೆ ವ್ಯಯಿಸದೆ ಹೊಸ ಪ್ಯಾಡುಗಳನ್ನು ಹಾಕಿಸಿದೆವು.

ಶುಚಿತ್ವ ಬೇರೆ, ಹೊಳಪು ಬೇರೆ. ಶುಚಿಯಾಗಿಡುವುದು ನಮ್ಮ ಕರ್ತವ್ಯ. ಕಾಯಕದಿಂದ ಬಂದ ಸವೆತವನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಓದುಗರ ಮನೆಗಳಲ್ಲಿಯೂ ಹಿರಿಯರು ಬಿಟ್ಟುಹೋದ ವಾದ್ಯಗಳಿರಬಹುದು. ಅವುಗಳಿಗೆ ಮೊದಲು ಬೇಕಾದುದು ಒಣಬಟ್ಟೆ, ಆಮೇಲೆ ನುಡಿಸುವ ಒಂದು ಉಸಿರು. ಮೊಮ್ಮಗನು ಈಗ ದಿನವೂ ಸಂಜೆ ಸರಳೆ ವರಸೆ ಅಭ್ಯಾಸ ಮಾಡುತ್ತಾನೆ. ಅವನ ಬೆರಳುಗಳೂ ಅದೇ ಸವೆದ ಎಡೆಗಳಲ್ಲಿಯೇ ಊರುತ್ತಿವೆ.