ಮಾಡು, ಮಾಡಿಸು

ಕನ್ನಡದ ಕ್ರಿಯಾಪದಗಳಲ್ಲಿ ‘ಮಾಡು’ ಎಂಬುದರಷ್ಟು ಸಾಧುಪ್ರಾಣಿ ಇನ್ನೊಂದಿಲ್ಲ. ಅಡಿಗೆ, ಮದುವೆ, ಸಾಲ - ಯಾವುದಕ್ಕೆ ಕಟ್ಟಿದರೂ ಎಳೆದುಕೊಂಡು ಹೋಗುತ್ತದೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಅದನ್ನು ಗದ್ದೆಗೂ ಹೂಡುವುದುಂಟು. ‘ಅವನು ಯಾರ ಗದ್ದೆ ಮಾಡ್ತಾನೆ?’ ಎಂದರೆ, ಯಾರ ಗದ್ದೆಯನ್ನು ಗೇಣಿಗೆ ಉಳುತ್ತಾನೆ ಎಂದರ್ಥ. ಗದ್ದೆ ಒಬ್ಬನದು, ಮಾಡುವುದು ಇನ್ನೊಬ್ಬನು.

ಈ ಸಾಧುಪ್ರಾಣಿ ಒಂದು ದಿನ ಕೋಡು ತೋರಿಸಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಭತ್ತ ಅಳೆಯುವ ಕೊಳಗದ ಅಳತೆಗಾಗಿ ಗೇಣಿದಾರರು ಎದುರು ನಿಂತರು. ತೀರ್ಥಹಳ್ಳಿ ಕಡೆಯ ಆರಗದ ಶಾಂತವೇರಿ ಗೋಪಾಲಗೌಡರು ಅವರ ಜೊತೆಗಿದ್ದರು. ಮರುವರ್ಷ ಸಾಗರ-ಹೊಸನಗರದಿಂದ ಶಾಸನಸಭೆಗೆ ಆರಿಸಿ ಬಂದರು. ಗೌಡರು ತೀರಿಕೊಂಡದ್ದು 1972ರಲ್ಲಿ. ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ ಉಳುವವನಿಗೆ ದಕ್ಕಬೇಕೆಂಬ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು.

ಆ ಕಾನೂನಿಗೂ ತನ್ನದೇ ವ್ಯಾಕರಣವಿದೆ. ತಾನೇ ದುಡಿದರೆ ಅಥವಾ ಮನೆಯವರು ದುಡಿದರೆ ಸ್ವಂತ ಸಾಗುವಳಿ. ತಾನು ನೋಡಿಕೊಳ್ಳುತ್ತ ಕೂಲಿಯಾಳಿನಿಂದ ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. ಆದರೆ ಆ ಕೂಲಿ ಬೆಳೆಯ ಪಾಲಾಗಿರಕೂಡದು. ‘ಮಾಡು’ವಿನ ಬಾಲಕ್ಕೆ ‘ಇಸು’ ಅಂಟಿಸಿದರೆ ಗದ್ದೆ ಉಳಿದೀತು ಎಂದಾಯಿತು.

ನಮ್ಮ ಗದ್ದೆಯನ್ನು ಮಾಡುತ್ತಿದ್ದವನು ನಮೂನೆ 7 ತುಂಬಿ ಅರ್ಜಿ ಹಾಕಿದ. ಪೇಟೆಯ ಹಿತೈಷಿಗಳೊಬ್ಬರು ಅಪ್ಪಯ್ಯನಿಗೆ ಪಾಠ ಹೇಳಿಕೊಟ್ಟರು: “ಆಳು ಇಟ್ಟು ಮಾಡಿಸ್ತಿದ್ದೆ ಅನ್ನಿ, ಸಾಕು.” ಅಪ್ಪಯ್ಯ ದಾರಿಯುದ್ದಕ್ಕೂ ಅದನ್ನು ಮಂತ್ರದಂತೆ ಗುಣುಗುಣಿಸುತ್ತ ನಡೆದರು. ಹಿಂದೆ ನಾನು, ಹುಡುಗ.

ಭೂನ್ಯಾಯಮಂಡಳಿಯವರು ಕೇಳಿದರು: “ಈ ಗದ್ದೆ ಯಾರು ಮಾಡ್ತಿದ್ದರು?”

ಅಪ್ಪಯ್ಯ ಒಮ್ಮೆ ಪಕ್ಕಕ್ಕೆ ನೋಡಿದರು. “ಇವನೇ ಮಾಡ್ತಿದ್ದ” ಎಂದರು.

ಮನೆಯಲ್ಲಿ ಅಜ್ಜಿ ಒಲೆಯ ಮುಂದೆ ಕುಳಿತು ಅತ್ತಳು. “ಮಾಡಿಸ್ತಿದ್ದೆ ಅನ್ನಲಿಕ್ಕೆ ನಾಲಿಗೆ ಬರಲಿಲ್ಲವೇನೋ?”

“ಅವನು ಅಲ್ಲೇ ನಿಂತಿದ್ದನಲ್ಲ ಅಮ್ಮಾ” ಎಂದಷ್ಟೇ ಅಪ್ಪಯ್ಯನ ಉತ್ತರ.

ಗದ್ದೆ ಹೋಯಿತು. ಆಮೇಲೆ ಎಷ್ಟೋ ಮಳೆಗಾಲ ನಮ್ಮ ಮನೆಗೆ ಅಕ್ಕಿ ಅಂಗಡಿಯಿಂದ ಬಂತು; ನಾನು ನೌಕರಿ ಹುಡುಕಿಕೊಂಡು ಬೆಂಗಳೂರಿಗೆ ಬಂದೆ. ಅಪ್ಪಯ್ಯ ಮಾಡಿದ್ದು ಸರಿಯೆ ಎಂದು ಅಜ್ಜಿ ಕೊನೆಯವರೆಗೂ ಒಪ್ಪಲಿಲ್ಲ. ಹಸಿದ ದಿನಗಳಲ್ಲಿ ನಾನೂ ಒಪ್ಪಿದ್ದಿಲ್ಲ.

ಈಚೆಗೆ ಗೆಳೆಯನಿಗೆ ಕಾಗದ ಬರೆಯುತ್ತ ‘ಇಲ್ಲಿ ಒಂದು ಮನೆ ಕಟ್ಟಿದೆ’ ಎಂದು ಬರೆದೆ. ಲೇಖನಿ ನಿಂತಿತು. ನಾನು ಎತ್ತಿದ ಇಟ್ಟಿಗೆ ಒಂದೂ ಇರಲಿಲ್ಲ. ಹೊಡೆದುಹಾಕಿ ‘ಕಟ್ಟಿಸಿದೆ’ ಎಂದು ತಿದ್ದಿದೆ.